ಒಂದಕ್ಕೆ ಒಂದು

ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿ ಕೂತರೆ ಈ ತುದಿಯಿಂದ ಆ ತುದಿಗೆ ಕಡಿಮೆಯೆಂದರೂ 140 ಮಿಲಿಮೀಟರ್. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ ಅಗಲ 36 ಮಿಲಿಮೀಟರ್. ಇಡೀ ಚಿಟ್ಟೆ ಚೌಕಟ್ಟಿನೊಳಗೆ ಬಂದಿದೆಯೆಂದರೆ, ಸೆನ್ಸರಿನ ಮೇಲೆ ಅದು ತನ್ನ ನಿಜಗಾತ್ರದ ಕಾಲು ಭಾಗಕ್ಕೆ ಕುಗ್ಗಿ ಬಿದ್ದಿದೆ ಎಂದೇ ಅರ್ಥ. ಇದಕ್ಕೆ ಪ್ರಾಥಮಿಕ ಶಾಲೆಯ ಭಾಗಾಕಾರ ಸಾಕು. ಆದರೂ ಛಾಯಾಚಿತ್ರ ಸ್ಪರ್ಧೆಗಳ ಮ್ಯಾಕ್ರೋ ವಿಭಾಗ ನೋಡಿ: ರೆಕ್ಕೆಯ ಅಂಚೂ ಕತ್ತರಿಸಿಕೊಳ್ಳದ, ಸುತ್ತ ಹಸಿರು ಹಿನ್ನೆಲೆಗೂ ಧಾರಾಳವಾಗಿ ಜಾಗ ಬಿಟ್ಟುಕೊಟ್ಟ ದೊಡ್ಡ ದೊಡ್ಡ ಚಿಟ್ಟೆಗಳೇ ಅಲ್ಲಿ ಸಾಲುಗಟ್ಟಿರುತ್ತವೆ. ಜೊತೆಗೆ ದಾಸವಾಳ, ಮದುಮಗಳ ಮೂಗುತಿ, ಇಡ್ಲಿಯ ಮೇಲೆ ಕರಗುತ್ತಿರುವ ಬೆಣ್ಣೆ. ಹತ್ತಿರ ಹೋಗಿ ತೆಗೆದದ್ದೆಲ್ಲ ಮ್ಯಾಕ್ರೋ ಆಗುವುದಾದರೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುವ ಸ್ಟುಡಿಯೋದವರಿಗೂ ಒಂದು ಪದಕ ಕೊಡಬೇಕು.

ಮ್ಯಾಕ್ರೋ ಎನ್ನುವುದು ನೋಡುವವನ ಕಣ್ಣಿಗೆ ಚಿತ್ರ ಎಷ್ಟು ದೊಡ್ಡದಾಗಿ ಕಂಡಿತು ಎಂಬ ಮಾತಲ್ಲ, ವಸ್ತುವಿಗೂ ಸೆನ್ಸರಿಗೂ ನಡುವಿನ ವ್ಯವಹಾರ. ವಸ್ತುವಿನ ಒಂದು ಮಿಲಿಮೀಟರ್ ಸೆನ್ಸರಿನ ಮೇಲೂ ಒಂದು ಮಿಲಿಮೀಟರಾಗಿಯೇ ಬಿದ್ದರೆ ಅದು 1:1. ಮ್ಯಾಕ್ರೋ ಶುರುವಾಗುವುದು ಅಲ್ಲಿಂದ. ಪರೀಕ್ಷಿಸಲು ಪ್ರಯೋಗಾಲಯ ಬೇಡ, ಹತ್ತು ರೂಪಾಯಿಯ ನಾಣ್ಯ ಸಾಕು. ಅದರ ವ್ಯಾಸ 27 ಮಿಲಿಮೀಟರ್, ಫುಲ್ ಫ್ರೇಮ್ ಸೆನ್ಸರಿನ ಎತ್ತರ 24. ಕ್ಯಾಮೆರಾ ಅಡ್ಡ ಹಿಡಿದು ತೆಗೆದ ಚಿತ್ರದಲ್ಲಿ ನಾಣ್ಯದ ತಲೆ ಮತ್ತು ಬುಡ ಎರಡೂ ತುಸು ಕತ್ತರಿಸಿ ಹೋಗಿದ್ದರೆ ನೀವು 1:1ರ ಆಸುಪಾಸಿನಲ್ಲಿದ್ದೀರಿ. ದುಂಡಗೆ ಪೂರ್ತಿ ಕಂಡರೆ ಇನ್ನೂ ತಲುಪಿಲ್ಲ. ಜೂಮ್ ಲೆನ್ಸುಗಳ ಮೈಮೇಲೆ ಬಣ್ಣದಲ್ಲಿ ಬರೆದಿರುವ ಮ್ಯಾಕ್ರೋ ಎಂಬ ಪದವನ್ನು ನಂಬಿದವರು ಈ ನಾಣ್ಯದ ಪರೀಕ್ಷೆ ಮಾಡಿದರೆ, ಚೌಕಟ್ಟಿನಲ್ಲಿ ಇನ್ನೂ ಬಸ್ಸಿನ ಚಾರ್ಜಿಗಾಗುವಷ್ಟು ಚಿಲ್ಲರೆ ಹಿಡಿಸುವುದು ಗೊತ್ತಾಗುತ್ತದೆ. ಅವುಗಳಲ್ಲಿ ಹೆಚ್ಚಿನವು 1:4ಕ್ಕೆ, ಉದಾರಿಗಳು 1:2ಕ್ಕೆ ನಿಂತುಬಿಡುತ್ತವೆ.

ಇದಕ್ಕೆ ಇತಿಹಾಸದ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದದ್ದೇ. 1955ರಲ್ಲಿ ಬಂದ ಕಿಲ್‌ಫಿಟ್ ಕಂಪನಿಯ ಮ್ಯಾಕ್ರೋ-ಕಿಲಾರ್ ಲೆನ್ಸನ್ನು ಈ ಜಾತಿಯ ಮೊದಲನೆಯದೆಂದು ಹೇಳುವುದು ವಾಡಿಕೆ. ಅದರ ಒಂದು ಮಾದರಿ 1:1 ತಲುಪುತ್ತಿತ್ತು, ಇನ್ನೊಂದು 1:2ಕ್ಕೇ ಮುಗಿಯುತ್ತಿತ್ತು. ನಿಕಾನಿನ ಹೆಸರುವಾಸಿ 55 ಎಂಎಂ ಎಫ್/2.8 ಮೈಕ್ರೋ-ನಿಕ್ಕಾರ್ ಕೂಡ ತಾನಾಗಿ 1:2 ಮಾತ್ರ. ಅವೆಲ್ಲ ಮ್ಯಾಕ್ರೋ ಅಲ್ಲವೇ? ಅಲ್ಲಿ ಗಮನಿಸಬೇಕಾದದ್ದು, ನಿಕಾನ್ ಆ ಲೆನ್ಸಿಗೆ 1:1 ಮುಟ್ಟಿಸುವ ಎಕ್ಸ್‌ಟೆನ್ಷನ್ ಟ್ಯೂಬನ್ನೂ ಮಾಡಿ ಮಾರಿತು. ಅರ್ಧ ದಾರಿ ತಲುಪಿಸಿ, ಉಳಿದರ್ಧಕ್ಕೆ ಇದು ಬೇಕು ಎಂದು ಬಾಯಿಬಿಟ್ಟು ಹೇಳುವುದು ಬೇರೆ. ಕಾಲು ದಾರಿಯಲ್ಲೇ ಇಳಿಸಿ ಊರು ಬಂತು ಎನ್ನುವುದು ಬೇರೆ.

ಎರಡನೆಯ ಆಕ್ಷೇಪ ಮೊಬೈಲಿನವರದು. ಹೆಚ್ಚಿನ ಮೊಬೈಲ್ ಸೆನ್ಸರುಗಳ ಅಗಲವೇ ಒಂದು ಸೆಂಟಿಮೀಟರಿನೊಳಗೆ. 36 ಮಿಲಿಮೀಟರಿನ ಹೂವು ಅಂಥದರಲ್ಲಿ ತುಂಬಿಕೊಂಡರೆ ಲೆಕ್ಕದಲ್ಲಿ 1:3ನ್ನೂ ಮುಟ್ಟುವುದಿಲ್ಲ, ಆದರೆ ಪರದೆಯ ಮೇಲೆ ಫುಲ್ ಫ್ರೇಮಿನ 1:1 ಚಿತ್ರದಲ್ಲಿ ಇರುವಷ್ಟೇ ಹೂವು ಇರುತ್ತದೆ. ಹಾಗಾದರೆ ಭೇದವೇಕೆ ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಚಿತ್ರದಲ್ಲಿ ಎಷ್ಟು ಜಗತ್ತು ಹಿಡಿಸಿತು ಎಂಬುದಷ್ಟೇ ಪ್ರಶ್ನೆಯಾದರೆ ಚೌಕಟ್ಟಿನ ಅಗಲವನ್ನು ಮಿಲಿಮೀಟರಿನಲ್ಲಿ ಹೇಳುವುದೇ ಪ್ರಾಮಾಣಿಕ ಕ್ರಮ, ಅನುಪಾತ ಬೇಡವೇ ಬೇಡ. ಆದರೆ ಇದೇ ತರ್ಕ ಹಿಡಿದು ಇನ್ನೊಂದು ಹೆಜ್ಜೆ ಹೋಗಿ. ಸಣ್ಣ ಸೆನ್ಸರ್ ಎಂದರೆ ದೊಡ್ಡ ಸೆನ್ಸರಿನಿಂದ ಕತ್ತರಿಸಿಟ್ಟ ಒಂದು ತುಂಡು. ಅದಕ್ಕೆ ರಿಯಾಯಿತಿ ಕೊಟ್ಟರೆ ಕ್ರಾಪ್ ಮಾಡಿದವನಿಗೂ ಕೊಡಬೇಕು. 45 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1:4ರಲ್ಲಿ ತೆಗೆದ ಚಿತ್ರವನ್ನು 1:1ರಂತೆ ಕಾಣುವವರೆಗೆ ಕತ್ತರಿಸಿದರೆ ಉಳಿಯುವುದು ಹದಿನಾರನೇ ಒಂದು ಪಾಲು, ಮೂರು ಮೆಗಾಪಿಕ್ಸೆಲಿಗೂ ಕಡಿಮೆ. ಚಿಟ್ಟೆಯ ರೆಕ್ಕೆಯ ಹುರುಪೆಗಳು ಒಂದೊಂದಾಗಿ ಎಣಿಸಲು ಸಿಗುವಂತಿದ್ದರೆ ಲೆನ್ಸ್ ಕೆಲಸ ಮಾಡಿದೆ. ಬಣ್ಣದ ಮಸುಕಾಗಿ ಉಳಿದಿದ್ದರೆ ಕತ್ತರಿ ಕೆಲಸ ಮಾಡಿದೆ.

ಮೂರನೆಯವರು ಕೇಳುವುದು ಮೂಲಕ್ಕೇ ಕೈ ಹಾಕುವ ಪ್ರಶ್ನೆ: 1:1 ಎಂದು ಗೆರೆ ಎಳೆದವರು ಯಾರು? 1:1.2 ಆದರೆ ಆಕಾಶ ಬೀಳುತ್ತದೆಯೇ? ಬೀಳುವುದಿಲ್ಲ. 1899ರಲ್ಲಿ ಡಬ್ಲ್ಯೂ. ಎಚ್. ವಾಮ್ಸ್‌ಲಿ ಈ ಬಗೆಯ ಚಿತ್ರಗಳಿಗೆ ಹೆಸರು ಸೂಚಿಸಿದಾಗ ಅವರಿಗೆ ಚಿಂತೆಯಿದ್ದದ್ದು ಮೇಲಿನ ಗಡಿಯದು. ಹತ್ತು ಪಟ್ಟು ದಾಟಿದ್ದನ್ನು ಮೈಕ್ರೋಸ್ಕೋಪಿನವರಿಗೆ ಬಿಡಬೇಕೆಂಬುದು. ಕೆಳಗಿನ ಗಡಿ ಆಮೇಲೆ ಗಟ್ಟಿಯಾಯಿತು. ಆದರೆ ಅದು ಯಾರದೋ ಹಟಕ್ಕೆ ಹುಟ್ಟಿದ ಗೆರೆಯಲ್ಲ. ಸಾಧಾರಣ ಲೆನ್ಸನ್ನು ಮುಂದೆ ಮುಂದೆ ಸರಿಸುತ್ತ ಹೋದರೆ, 1:1ರಲ್ಲಿ ವಸ್ತುವಿನಿಂದ ಲೆನ್ಸಿಗಿರುವ ದೂರವೂ ಲೆನ್ಸಿನಿಂದ ಸೆನ್ಸರಿಗಿರುವ ದೂರವೂ ಸಮವಾಗುತ್ತವೆ, ಎರಡೂ ಫೋಕಲ್ ಲೆಂತ್‌ನ ಇಮ್ಮಡಿ. ಅದನ್ನು ದಾಟಿದ ಕ್ಷಣ ಲೆನ್ಸಿನ ಮುಂದಿನ ದೂರ ಚಿಕ್ಕದು, ಹಿಂದಿನದು ದೊಡ್ಡದು. ಹುಟ್ಟಿನಿಂದ ದೂರದ್ದನ್ನು ನೋಡಿ ಹತ್ತಿರ ಚೆಲ್ಲುವುದಕ್ಕೆಂದೇ ಮಾಡಿದ ಗಾಜಿಗೆ ಈಗ ಹತ್ತಿರದ್ದನ್ನು ನೋಡಿ ದೂರ ಚೆಲ್ಲು ಎಂದಂತಾಯಿತು. ಬೆಳಕಿನ ಲೆಕ್ಕವೂ ಇಲ್ಲಿ ಜೇಬಿಗೆ ಕೈ ಹಾಕುತ್ತದೆ: 1:1ರಲ್ಲಿ ಎಫ್/8 ಇಟ್ಟರೆ ಸೆನ್ಸರಿಗೆ ಸಿಗುವುದು ಎಫ್/16ರ ಬೆಳಕು, ಪೂರಾ ಎರಡು ಸ್ಟಾಪ್ ನಷ್ಟ, ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರ್. ಇಡೀ ಬರ್ಡ್‌ವಿಂಗ್ ಹಿಡಿಯುವವನಿಗೆ ಈ ಯಾವ ಕಾಟವೂ ಇಲ್ಲ.

ದೂರಗಳು ಅದಲುಬದಲಾಗುತ್ತವೆ ಎಂದಮೇಲೆ ಲೆನ್ಸನ್ನೇ ತಿರುಗಿಸಿ ಹಾಕಿದರೆ ಹೇಗೆ? ಈ ಕಲೆಯಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಇನ್ನೊಂದಿಲ್ಲ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ವಾದಿಸುತ್ತೇನೆ. ಕೆಲವು ನೂರು ರೂಪಾಯಿಯ ರಿವರ್ಸ್ ರಿಂಗ್, ಅಪರ್ಚರ್ ರಿಂಗ್ ಇರುವ ಹಳೆಯ ಮ್ಯಾನುಯಲ್ ಲೆನ್ಸ್ ಒಂದು, ಅಷ್ಟೇ ಬಂಡವಾಳ. 50 ಎಂಎಂ ತಿರುಗಿಸಿ ಹಾಕಿದರೆ ಹೆಚ್ಚುಕಡಿಮೆ 1:1. 28 ಎಂಎಂ ಹಾಕಿದರೆ ಎರಡು ಪಟ್ಟು ದಾಟುತ್ತದೆ. ವೈಡ್ ಲೆನ್ಸ್ ತಿರುಗಿದಾಗ ಹೆಚ್ಚು ದೊಡ್ಡದು ಮಾಡುವುದೇ ಇದರ ತಮಾಷೆ. ಫೋಕಸ್ ರಿಂಗ್ ತಿರುವಿ ಪ್ರಯೋಜನವಿಲ್ಲ. ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿಸಿ, ಜೇಡದ ಕಣ್ಣು ಮಿಂಚಿದ ಕ್ಷಣಕ್ಕೆ ಒತ್ತಬೇಕು. ಅಪರ್ಚರ್ ರಿಂಗ್ ಇಲ್ಲದ ಲೆನ್ಸಾದರೆ ಹಿಂಬದಿಯ ಪುಟ್ಟ ಲಿವರಿಗೆ ಮಡಿಸಿದ ಕಾಗದದ ಚೂರು ಸಿಕ್ಕಿಸಿ ತೆರೆದು ನಿಲ್ಲಿಸುವವರಿದ್ದಾರೆ. ಹೊರಕ್ಕೆ ಬಂದ ಹಿಂಗಾಜಿಗೆ ದೂಳು ಕೂರುತ್ತದೆ, ಕೀಟಕ್ಕೆ ನಾಲ್ಕೈದು ಸೆಂಟಿಮೀಟರ್ ಸಮೀಪ ಹೋಗಬೇಕಾಗಿ ಫ್ಲ್ಯಾಶಿನ ಬೆಳಕಿಗೆ ಲೆನ್ಸಿನ ನೆರಳೇ ಅಡ್ಡ ಬರುತ್ತದೆ, ಎಲ್ಲ ನಿಜ. ಆದರೆ ಲಕ್ಷ ರೂಪಾಯಿಯ ಮ್ಯಾಕ್ರೋ ಲೆನ್ಸ್ ಕೊಂಡು ಅದರಲ್ಲಿ ಆರತಕ್ಷತೆಯ ಫೋಟೋ ತೆಗೆದು ಮ್ಯಾಕ್ರೋ ಎಂದು ಹೆಸರಿಡುವ ಮಹನೀಯರು, ರಿಂಗ್ ಹಾಕಿ ಎರಡು ಪಟ್ಟು ಹಿಡಿದವನನ್ನು ನೋಡಿ, ಇದೆಲ್ಲ ಜುಗಾಡು, ನಿಜವಾದ ಮ್ಯಾಕ್ರೋ ಅಲ್ಲ ಎನ್ನುವಾಗ ಮೈ ಉರಿಯುತ್ತದೆ. ಅನುಪಾತಕ್ಕೆ ಬಿಲ್ಲು ತೋರಿಸಬೇಕಾಗಿಲ್ಲ.

ಚೆನ್ನಾಗಿದ್ದರೆ ಸಾಲದೇ, ಅಂಕಿ ಏಕೆ ಎಂಬುದು ಕೊನೆಯ ಆಕ್ಷೇಪ. ಸಾಕು, ಖಂಡಿತ ಸಾಕು. 1:5ರ ಒಳ್ಳೆಯ ಚಿಟ್ಟೆ 2:1ರ ಕೆಟ್ಟ ಇರುವೆಗಿಂತ ಯಾವತ್ತೂ ಮೇಲು. ಅದನ್ನು ನಿಸರ್ಗ ವಿಭಾಗಕ್ಕೆ ಕಳಿಸಿ, ಗೆಲ್ಲಲಿ. ಅಂಕಿಯ ಹುಚ್ಚು ಇನ್ನೊಂದು ತುದಿಗೆ ಹೋದರೆ ಏನಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ. ಐದು ಪಟ್ಟಿನಲ್ಲಿ ಚೌಕಟ್ಟಿನ ಅಗಲ ಏಳು ಮಿಲಿಮೀಟರ್ ಚಿಲ್ಲರೆ. ಚಗಳಿ ಇರುವೆಯ ದೊಡ್ಡ ಕೆಲಸಗಾರ ಅದರಲ್ಲಿ ಉದ್ದಕ್ಕೆ ಹಿಡಿಸುವುದೇ ಇಲ್ಲ. ಎಫ್/2.8ರಲ್ಲಿ ಸ್ಪಷ್ಟ ಆಳ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಇಲ್ಲದ್ದರಿಂದ ಹತ್ತಾರು ಚಿತ್ರ ತೆಗೆದು ಸ್ಟ್ಯಾಕ್ ಮಾಡಬೇಕು, ಅಷ್ಟು ಹೊತ್ತು ಇರುವೆ ಅಲುಗಬಾರದು. ಆಗ ಕೆಲವರು ತೆರೆಯುವುದು ಫ್ರಿಜ್ಜಿನ ಬಾಗಿಲು. ತಣ್ಣಗಾದ ಕೀಟವನ್ನು ಕಡ್ಡಿಯ ಮೇಲೆ ಕೂರಿಸಿ, ಗ್ಲಿಸರಿನ್ ಬೆರೆಸಿದ ನೀರು ಚಿಮುಕಿಸಿ, ಮುಂಜಾನೆಯ ಇಬ್ಬನಿ ಎಂದು ಶೀರ್ಷಿಕೆ ಕೊಡುತ್ತಾರೆ. ಕೊಂದಿಲ್ಲವಲ್ಲ ಎಂಬ ಸಮಜಾಯಿಷಿ ಬೇರೆ. ಮೀಸೆ ಜೋತುಬಿದ್ದು, ಕಾಲು ಹೊಟ್ಟೆಯಡಿ ಮುದುರಿಕೊಂಡ ಹುಳು ತನ್ನ ಕಥೆ ತಾನೇ ಹೇಳುತ್ತದೆ; ತೀರ್ಪುಗಾರರಿಗೆ ಮಾತ್ರ ಕೇಳುವುದಿಲ್ಲ.

ಜೀವಂತ ಕೀಟ ಅಲುಗದೆ ಕೂರುವುದೇ ಇಲ್ಲ ಎಂಬ ನೆಪ ಕೀಟಗಳನ್ನು ನೋಡದವರದು. ಬ್ಲೂ ಬ್ಯಾಂಡೆಡ್ ಬೀ ಎಂದು ಕರೆಯುವ ನೀಲಿ ಪಟ್ಟೆಯ ಜೇನುಹುಳದ ಗಂಡುಗಳು ಸಂಜೆಯಾದರೆ ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಒಂದರ ಪಕ್ಕ ಒಂದು ಜೋತುಬಿದ್ದು ಬೆಳಗಿನವರೆಗೆ ನಿದ್ದೆ ಮಾಡುತ್ತವೆ. ಒಂದೊಂದೂ ಸೆಂಟಿಮೀಟರ್ ಉದ್ದ; 1:1ರಲ್ಲಿ ಮೂರು ಹುಳ ಆರಾಮಾಗಿ ಹಿಡಿಸುತ್ತವೆ, ಎರಡು ಪಟ್ಟಿಗೆ ಹೋದರೆ ಒಂದರ ಹೊಟ್ಟೆಯ ಮೇಲಿನ ನೀಲಿಯೇ ಚೌಕಟ್ಟಿನ ಮುಖ್ಯ ಸಂಗತಿ. ಬಿಸಿಲು ಏರುವ ಮೊದಲು ಎದ್ದು ಹೋಗುವ ಕಷ್ಟವೊಂದಿದೆ, ಫ್ರಿಜ್ಜಿನವರಿಗೆ ಬೇಡವಾದದ್ದು ಬಹುಶಃ ಅದೇ. ಸ್ಪರ್ಧೆಯ ಅರ್ಜಿಯಲ್ಲಿ ಐಎಸ್‌ಒ, ಶಟರ್ ವೇಗ, ಕ್ಯಾಮೆರಾ ಕಂಪನಿ ಎಲ್ಲ ಕೇಳುವವರು ಇನ್ನೆರಡು ಸಾಲು ಸೇರಿಸಲಿ: ಚೌಕಟ್ಟಿನ ಅಗಲ ಎಷ್ಟು ಮಿಲಿಮೀಟರ್, ಮತ್ತು ಹುಳ ಕೂತಿದ್ದ ಕಡ್ಡಿಗೆ ಅದು ತಾನಾಗಿ ಬಂದಿತ್ತೋ, ನೀವು ತಂದು ಕೂರಿಸಿದಿರೋ.