ಹೊಳೆ ಇಳಿದ ಮೇಲೆ ಬಿದ್ದ ಮನೆ

ಗಂಡನ ಮನೆಗೆ ಹೋದ ಹೆಣ್ಣುಮಕ್ಕಳಿಗೆ ನಮ್ಮ ಕಡೆ ನಾಗರ ಪಂಚಮಿ ಅಂದ್ರೆ ತವರಿನ ಹಬ್ಬ. 2019ರಲ್ಲಿ ಅದು ಆಗಸ್ಟ್ 5ಕ್ಕೆ ಬಂದಿತ್ತು. ಎರಡು ದಿನ ಮೊದಲೇ ಧಾರವಾಡದಿಂದ ಮಗನನ್ನು ಕರಕೊಂಡು ಮುಧೋಳದ ಹತ್ತಿರದ ನಮ್ಮೂರಿಗೆ ಹೋದೆ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿದ್ದಳು. ಅಣ್ಣ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದ.

ಆ ಬೇಸಿಗೆಯಲ್ಲಿ ಘಟಪ್ರಭೆಯಲ್ಲಿ ಎಮ್ಮೆ ಮೈ ತೊಳೆಯುವಷ್ಟೂ ನೀರಿರಲಿಲ್ಲ. ಆದರೆ ನಮ್ಮ ಹೊಳೆ ನಮ್ಮೂರಿನ ಮಳೆಯನ್ನು ಕೇಳಿಕೊಂಡು ಬರೋದಿಲ್ಲ. ಸಹ್ಯಾದ್ರಿಯಲ್ಲಿ ಸುರಿದ ನೀರು ಹಿಡಕಲ್ ಡ್ಯಾಮ್ ತುಂಬಿಸಿ, ಗೋಕಾಕ ಫಾಲ್ಸ್‌ನಲ್ಲಿ ಧುಮುಕಿ ನಮ್ಮ ಬಾಗಿಲಿಗೆ ಬರುತ್ತದೆ. ಗೇಟ್ ತೆರೆದಾರಂತೆ ಎಂದು ಸುದ್ದಿ ಬಂದಾಗಲೂ ಅವ್ವ, “ಹೊಳಿ ಬಂದ್ರ ಹನುಮಪ್ಪನ ಕಟ್ಟಿ ತನಾ ಬರತೈತಿ, ಮ್ಯಾಲ ಬರಂಗಿಲ್ಲ” ಅಂದಳು. ಹಬ್ಬ ಮುಗಿದ ಮೂರನೇ ದಿನ ಆ ಕಟ್ಟೆಯೇ ಕಾಣಲಿಲ್ಲ.

ಎಮ್ಮೆಗಳ ಹಗ್ಗ ಬಿಚ್ಚಿ ದಿನ್ನೆಗೆ ಹೊಡೆದೆವು. ಕಾಗದಪತ್ರ, ಅಪ್ಪನ ಫೋಟೋ, ಉಂಡಿ ಡಬ್ಬಿ ಇಷ್ಟೇ ಕೈಗೆ ಸಿಕ್ಕಿದ್ದು. ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ಅವ್ವ ಉಂಡಿಗಳನ್ನೆಲ್ಲ ಯಾರ್ಯಾರದೋ ಮಕ್ಕಳಿಗೆ ಹಂಚಿಬಿಟ್ಟಳು.

ಎಂಟನೇ ದಿನ ಊರಿಗೆ ಕಾಲಿಟ್ಟಾಗ ಮನೆ ನಿಂತೇ ಇತ್ತು! ಗೋಡೆಯ ಮೇಲೆ ದೀಪದ ಗೂಡಿನವರೆಗೆ ನೀರಿನ ಗೆರೆ, ಒಳಗೆ ಮೊಳಕಾಲುದ್ದ ರಾಡಿ. ಹಗೇವಿನ ಜೋಳ ಕೊಳೆತು ಎಂಥ ವಾಸನೆ ಅಂತೀರಿ, ಈಗಲೂ ನೆನಪಾದರೆ ಊಟ ಸೇರೋದಿಲ್ಲ. ಕಬ್ಬಿನ ಸುಳಿಯೊಳಗೆ ಮಣ್ಣು ಕೂತು ಕೊಳೆಯತೊಡಗಿತ್ತು. ಅವ್ವ ಮಾತ್ರ, “ಮನಿ ನಿಂತೈತಲ್ಲ, ಸಾಕು” ಅಂತ ಸೆರಗು ಕಟ್ಟಿ ರಾಡಿ ಬಳಿಯೋಕೆ ನಿಂತಳು.

ಅದೇ ವಾರ ಸರ್ವೆಗೆ ಬಂದರು. ತಕ್ಷಣದ ಪರಿಹಾರ 10 ಸಾವಿರ ಸಿಕ್ಕಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಸರ್ಕಾರ ಹೇಳಿತ್ತು. ನಮ್ಮದು ನಿಂತಿತ್ತಲ್ಲ, ಭಾಗಶಃ ಹಾನಿ ಅಂತ ಬರೆದುಕೊಂಡು ಹೋದರು. ಆಮೇಲೆ ಚುರುಚುರು ಬಿಸಿಲು ಬಿತ್ತು. ನಾವು ಖುಷಿಪಟ್ಟೆವು. ಊರಿನ ಮುದುಕ ಗೌಂಡಿಯೊಬ್ಬರು, “ಹಸಿ ಗ್ವಾಡಿ ನಂಬಬ್ಯಾಡ್ರಿ ಯವ್ವಾ, ಒಣಗೂ ಮುಂದ ಬೀಳತೈತಿ” ಎಂದಿದ್ದರಿಂದ ಅವ್ವ, ಅಣ್ಣ ದನದ ತಗಡಿನ ಶೆಡ್ಡಿನಲ್ಲೇ ಮಲಗುತ್ತಿದ್ದರು. ಮಣ್ಣಿನ ಗೋಡೆ ಬುಡದಲ್ಲಿ ನೆನೆದು ಮೆತ್ತಗಾಗಿರುತ್ತದೆ, ಮೇಲೆ ಮಾಳಿಗೆಯ ಮಣ್ಣೂ ನೀರು ಕುಡಿದು ಭಾರವಾಗಿರುತ್ತದೆ. ಒಣಗುತ್ತ ಬಿರುಕು ಬಿಟ್ಟು, ಮೂರನೇ ವಾರ ಒಂದು ರಾತ್ರಿ ಹಿತ್ತಲಗೋಡೆ ಕುಸಿಯಿತು. ಬೆಳಗಾಗುವಷ್ಟರಲ್ಲಿ ಮಾಳಿಗೆಯೂ ಬಿತ್ತು.

ಅಣ್ಣ ಫೋಟೋ ಹಿಡಿದು ಕಚೇರಿಗೆ ಓಡಿದ. “ಸರ್ವೆ ದಿನ ನಿಂತಿತ್ತಲ್ಲ?” ಅಂದರಂತೆ. ತಪ್ಪಲ್ಲ, ನಿಂತಿತ್ತು. ಆದರೆ ನೀರಿನ ಲೆಕ್ಕವನ್ನು ನೀರು ಆರುವ ಮೊದಲೇ ಬರೆದು ಮುಗಿಸಿದರೆ ಹೇಗೆ? ಎರಡನೇ ಅರ್ಜಿ ಕೊಟ್ಟು ಅಲೆದದ್ದೇ ಬಂತು. ಕೊನೆಗೆ ಒಂದು ಎಮ್ಮೆ ಮಾರಿ, ಸಂಘದ ಸಾಲ ಎತ್ತಿ, ಎರಡು ಕೋಣೆ ಕಟ್ಟಲು ಒಂದೂವರೆ ವರ್ಷ ಹಿಡಿಯಿತು. ಹೊಲವೇ ನಮಗಿಂತ ಬೇಗ ಚೇತರಿಸಿಕೊಂಡಿತು ಎನ್ನಬೇಕು. ಹೊಳೆ ಬಿಟ್ಟುಹೋದ ರೇವೆಯಲ್ಲಿ ಆ ಹಿಂಗಾರಿಗೆ ಕಡಲೆ ಚೆನ್ನಾಗಿ ಬಂತು. ಕಬ್ಬು ಮಾತ್ರ ಹೊಸದಾಗಿ ಹಚ್ಚಬೇಕಾಯಿತು.

ಪಾಯ ಹಾಕುವಾಗ ಅವ್ವ, “ನಾಕ ಮೆಟ್ಟಲ ಎತ್ತರ ಇರಲಿ” ಎಂದು ಹಟ ಹಿಡಿದಳು. ಖರ್ಚು ಹೆಚ್ಚಾಗುತ್ತದೆ ಎಂದು ನಾನೇ ಅವಳೊಂದಿಗೆ ಜಗಳ ಮಾಡಿದ್ದೆ. 2021ರ ಜುಲೈನಲ್ಲಿ ಮತ್ತೆ ಹೊಳೆ ಬಂತು. ರಾತ್ರಿಯೆಲ್ಲ ಫೋನ್ ಹತ್ತಲಿಲ್ಲ. ಮರುದಿನ ಮಧ್ಯಾಹ್ನ ಅವಳೇ ಮಾಡಿದಳು.

“ಎರಡನೇ ಮೆಟ್ಟಲ ತನಾ ಬಂದು ಹೋತು. ನೀ ಪಂಚಮಿಗೆ ಬಾ. ಬರೂ ಮುಂದ ಒಂದು ದೊಡ್ಡ ಡಬ್ಬಿ ತಗೊಂಡು ಬಾ, ಹಳೇದು ತುಕ್ಕು ಹಿಡದೈತಿ.”