ಒಂದು ವರ್ಷದ ಷರತ್ತು

ಮೂರು ವರ್ಷಗಳ ಹಿಂದಿನ ಮಾತು. ಡೊಂಬಿವಲಿಯ ನಮ್ಮ ಬಡಾವಣೆಯ ಕನ್ನಡ ಬಳಗದವರು ರಾಜ್ಯೋತ್ಸವದ ನಿಮಿತ್ತ ಒಂದು ಉಪನ್ಯಾಸ ಮಾಲೆಯನ್ನು ಏರ್ಪಡಿಸಿದ್ದರು. ತವರು ನಾಡಿನ ಒಂದೊಂದು ವಿದ್ಯಾಸಂಸ್ಥೆಯನ್ನು ಕುರಿತು, ಅಲ್ಲಿ ಕಲಿತವರನ್ನೂ ಕಲಿಸಿದವರನ್ನೂ ಕುರಿತು ಒಬ್ಬೊಬ್ಬರು ಇಪ್ಪತ್ತು ನಿಮಿಷ ಮಾತನಾಡಬೇಕೆಂದು ನಿಶ್ಚಯವಾಯಿತು. ನಾನು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳಾದ್ದರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನನ್ನ ಪಾಲಿಗೆ ಬಂತು. ಒಪ್ಪಿಕೊಳ್ಳುವಾಗ ಮನಸ್ಸಿನಲ್ಲಿ ಸ್ವಲ್ಪ ಜಂಬವೂ ಇತ್ತು. ಆ ವರ್ಷದ ಆಗಸ್ಟ್ ತಿಂಗಳಲ್ಲಷ್ಟೇ ನನ್ನ ಮಗಳು ಅದೇ ಸಂಸ್ಥೆಗೆ ಸಂಶೋಧನ ವಿದ್ಯಾರ್ಥಿನಿಯಾಗಿ ಸೇರಿದ್ದಳು. ಆದರೆ ಆ ಜಂಬದ ಕೆಳಗೆ ಇನ್ನೊಂದು ಸಂಗತಿಯಿತ್ತು. ಅದನ್ನು ನಾನು ಬಳಗದಲ್ಲಿ ಯಾರಿಗೂ ಹೇಳಿರಲಿಲ್ಲ.

ಮಗಳು ಪುಣೆಯಲ್ಲಿ ಒಳ್ಳೆಯ ಸಂಬಳದ ಕೆಲಸದಲ್ಲಿದ್ದಳು. ನಮ್ಮ ಮನೆಯ ಸಾಲದ ಕಂತಿನಲ್ಲಿ ಅರ್ಧವನ್ನು ಅವಳೇ ಕಟ್ಟುತ್ತಿದ್ದಳು. ಅವಳ ಅಪ್ಪ ಆಗತಾನೇ ನಿವೃತ್ತರಾಗಿದ್ದರು. ಒಂದು ರವಿವಾರ ಮಧ್ಯಾಹ್ನ ಊಟದ ಎಲೆಯ ಮುಂದೆ, ಕೆಲಸ ಬಿಟ್ಟು ಐದಾರು ವರ್ಷ ಸಂಶೋಧನೆ ಮಾಡುವೆನೆಂದಳು. ನಾನು ಬೇಡವೆನ್ನಲಿಲ್ಲ. ಬೇಡವೆನ್ನುವ ತಾಯಿ ನಾನಾಗಬಾರದೆಂಬ ಎಚ್ಚರ ನನಗಿತ್ತು. ಆದರೆ ಹೂಂ ಎನ್ನಲೂ ಇಲ್ಲ. ಮೂರು ಮಾತು ಹೇಳಿದೆ: ಒಂದು ವರ್ಷ ನೋಡೋಣ, ಸರಿಹೋಗದಿದ್ದರೆ ಮರಳಿ ಬಾ, ಮೂವತ್ತರೊಳಗೆ ಮದುವೆಯ ವಿಷಯ ಮುಂದೂಡಬೇಡ, ಎಲ್ಲ ಗಟ್ಟಿಯಾಗುವವರೆಗೆ ಧಾರವಾಡದ ಬಳಗಕ್ಕೆ ಕೆಲಸ ಬಿಟ್ಟದ್ದು ಗೊತ್ತಾಗುವುದು ಬೇಡ.

ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವ್ವಾ, ಒಂದು ವರ್ಷ ನೋಡೂಣು ಅಂದ್ರ ಏನು? ನಾ ಏನು ಬಾಡಿಗಿ ಸೈಕಲ್ಲೇನು?" ಎಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಬೆಂಗಳೂರಿಗೆ ಹೋದ ಮೇಲೆ ಫೋನಿನಲ್ಲಿ ಊಟ, ಮಳೆ, ಅಪ್ಪನ ಮೊಣಕಾಲು ಇಷ್ಟರ ಮಾತೇ ಹೊರತು ಕೆಲಸದ ಸುದ್ದಿ ಬರುತ್ತಿರಲಿಲ್ಲ.

ಹೀಗಿರುವಾಗ ನಾನು ಉಪನ್ಯಾಸದ ತಯಾರಿಗೆ ಕುಳಿತೆ. ಮೊದಲ ಪುಟಗಳು ಸರಾಗವಾಗಿ ಬಂದವು. ಜಮ್ಶೆಟ್‌ಜಿ ಟಾಟಾ ಅವರ ಕನಸು, ಅದು ಕೈಗೂಡುವ ಮೊದಲೇ 1904ರಲ್ಲಿ ಅವರ ಮರಣ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಭೂಮಿ, 1909ರಲ್ಲಿ ಸ್ಥಾಪನೆ, 1911ರಲ್ಲಿ ಮೊದಲ ವಿದ್ಯಾರ್ಥಿಗಳು. ಮುಂಬಯಿಯ ಹಣ, ಮೈಸೂರಿನ ನೆಲ ಎರಡೂ ಕೂಡಿ ಹುಟ್ಟಿದ ಸಂಸ್ಥೆಯನ್ನು ಹಳೆಯ ಬೆಂಗಳೂರಿಗರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುತ್ತಾರೆ. ನಮ್ಮಂಥ ಮುಂಬಯಿ ಕನ್ನಡಿಗರಿಗೆ ಇದಕ್ಕಿಂತ ಹಿತವಾದ ಕಥೆ ಬೇಕೆ? ಈ ದಾರಿ ತಿರುಗಿಯೂ ಬಂದಿದೆ. ಮುಂಬಯಿಯಲ್ಲಿ ಹುಟ್ಟಿದ ಹೋಮಿ ಭಾಭಾ 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಾಗ ಯುದ್ಧ ಆರಂಭವಾಗಿ, ಇಂಗ್ಲೆಂಡಿಗೆ ಮರಳಲಾಗದೆ ಬೆಂಗಳೂರಿನ ಈ ಸಂಸ್ಥೆಯಲ್ಲಿ ಅಧ್ಯಾಪಕರಾದರು. 1945ರಲ್ಲಿ ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಮೊದಲು ಕಣ್ಣು ತೆರೆದದ್ದು ಬೆಂಗಳೂರಿನಲ್ಲೇ. ಅದೇ ವರ್ಷ ಅದು ಮುಂಬಯಿಗೆ ಬಂತು.

ಅನಂತರ ಸರ್ ಸಿ. ವಿ. ರಾಮನ್. 1933ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದವರು. ನಾನು ಕಲಿತ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಪೇಟ ಸುತ್ತಿದ ಅವರ ಭಾವಚಿತ್ರವಿತ್ತು. ಶನಿವಾರ ಅದರ ಧೂಳೊರೆಸುವ ಪಾಳಿ ನನ್ನದಾಗಿರುತ್ತಿತ್ತು. ದೇವರ ಪಟಕ್ಕಿಂತ ಹೆಚ್ಚಿನ ಭಕ್ತಿಯಿಂದ ಒರೆಸಿದ್ದೇನೆ. ಅವರ ಬಗ್ಗೆ ಬರೆಯುತ್ತ ಬರೆಯುತ್ತ ಕಮಲಾ ಸೊಹೊನಿಯವರ ಪ್ರಸಂಗಕ್ಕೆ ಬಂದೆ.

ಆಗ ಅವರು ಕಮಲಾ ಭಾಗವತ್. ಮರಾಠಿಯ ಹೆಸರಾಂತ ಲೇಖಕಿ ದುರ್ಗಾ ಭಾಗವತ್ ಅವರ ಸಹೋದರಿ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ 1933ರಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, ತಂದೆಯೂ ಚಿಕ್ಕಪ್ಪನೂ ಓದಿದ ಬೆಂಗಳೂರಿನ ಸಂಸ್ಥೆಗೇ ಅರ್ಜಿ ಹಾಕಿದರು. ಹೆಣ್ಣುಮಗಳೆಂಬ ಕಾರಣಕ್ಕೆ ರಾಮನ್ ಅರ್ಜಿಯನ್ನು ತಿರಸ್ಕರಿಸಿದರು. ಕಮಲಾ ಬೆಂಗಳೂರಿಗೇ ಬಂದು, ಕಾರಣವನ್ನು ಕೇಳಿ, ಗಾಂಧೀಜಿಯವರ ದಾರಿಯಲ್ಲಿ ಸತ್ಯಾಗ್ರಹಕ್ಕೂ ಸಿದ್ಧರಾದರು. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಪರೀಕ್ಷಾರ್ಥವಾಗಿ ಮಾತ್ರ. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಅಧಿಕೃತ ಮನ್ನಣೆಯಿಲ್ಲ. ಗಂಡು ವಿದ್ಯಾರ್ಥಿಗಳ ಚಿತ್ತ ಚಂಚಲವಾಗದಂತೆ ನಡೆದುಕೊಳ್ಳಬೇಕು. ಅವರ ಜೀವನವನ್ನು ಬರೆದವರು ಹೇಳುವ ಷರತ್ತುಗಳಿವು.

ಇವನ್ನು ಒಂದರ ಕೆಳಗೊಂದು ಬರೆದು ನೋಡಿದೆ. ಕೈ ಅಲ್ಲಿಯೇ ನಿಂತಿತು. ಒಂದು ವರ್ಷ ನೋಡೋಣ. ಗಟ್ಟಿಯಾಗುವವರೆಗೆ ಯಾರಿಗೂ ಗೊತ್ತಾಗುವುದು ಬೇಡ. ಹೆಣ್ಣುಮಗಳೆಂಬುದನ್ನು ಮರೆಯಬೇಡ. ಮಾತು ಬೇರೆ, ಧ್ವನಿ ಬೇರೆ. ಲೆಕ್ಕ ಮಾತ್ರ ಅದೇ. ರಾಮನ್ ಅವರನ್ನು ಸಭೆಯಲ್ಲಿ ಹೇಗೆ ವಿಮರ್ಶಿಸಬೇಕೆಂದು ಯೋಚಿಸುತ್ತಿದ್ದವಳು ನಾನು ಯಾರೆಂದು ಕೇಳಿಕೊಳ್ಳಬೇಕಾಯಿತು.

ಇನ್ನೂ ಹಳೆಯದೊಂದು ನೆನಪು ಬಂತು. 1984ರಲ್ಲಿ ಬಿ.ಎಸ್‌ಸಿ. ಪ್ರಥಮ ದರ್ಜೆಯಲ್ಲಿ ಪಾಸಾಗಿ, ಎಂ.ಎಸ್‌ಸಿ.ಗೆ ಸೀಟೂ ಸಿಕ್ಕಿತ್ತು. ಅಪ್ಪ ಸಿಟ್ಟಿನ ಮನುಷ್ಯರಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಒಂದು ವರ್ಷ ನೋಡೂಣವಾ, ಮುಂದ ಹೆಂಗ ಆಗತದ" ಎಂದರು. ಆ ವರ್ಷ ಸೀಟು ಹೋಯಿತು. ಮರುವರ್ಷ ಮುಂಬಯಿಯ ವರ ಬಂದರು. ನನಗೆ ಯಾರೂ ಇಲ್ಲವೆಂದಿರಲಿಲ್ಲ. ಅದಕ್ಕೇ ಇಷ್ಟು ವರ್ಷ ನಾನು ಯಾರ ಮೇಲೂ ಸಿಟ್ಟಾಗಲು ಸಾಧ್ಯವಾಗಲಿಲ್ಲ. ಪ್ರೀತಿಯಿಂದ ಹೇಳಿದ ಮಾತನ್ನು ಪ್ರೀತಿಯಿಂದಲೇ ಮಗಳಿಗೆ ದಾಟಿಸಿದ್ದೆ.

ಕಮಲಾ ಅವರ ಕಥೆ ಷರತ್ತಿನಲ್ಲಿ ಮುಗಿಯಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಕೆಲಸ ಮಾಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರ ಅನುಮಾನ ಕರಗಿತು. ಆಮೇಲೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಕೇಂಬ್ರಿಜ್‌ಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿಯೂ ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್ ಸಿ ಇದೆಯೆಂದು ತೋರಿಸಿ, 1939ರಲ್ಲಿ ಪಿಎಚ್.ಡಿ. ಪಡೆದರು. ಪ್ರಬಂಧ ನಲವತ್ತೇ ಪುಟ. ಮುಂದೆ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿ, ನಿರ್ದೇಶಕಿಯೂ ಆದರು. ಬಡವರ ಪೌಷ್ಟಿಕ ಪಾನೀಯವಾಗಿ ನೀರಾವನ್ನು ಕುರಿತ ಅವರ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಇಷ್ಟಾದರೂ, ಪ್ರವೇಶದ ವೇಳೆಯ ಆ ಅವಮಾನವನ್ನು ತಾವು ಮರೆತಿಲ್ಲವೆಂದು ಮುಪ್ಪಿನಲ್ಲಿ ಬಹಿರಂಗವಾಗಿಯೇ ಹೇಳಿದರು. ಗೆದ್ದವರಿಗೂ ಷರತ್ತು ಇಷ್ಟು ದಿನ ಚುಚ್ಚುವುದಾದರೆ, ಗೆಲ್ಲದೇ ಮರಳಿದವರ ಪಾಡೇನು?

ಅಣ್ಣಾ ಮಾಣಿಯವರನ್ನೇ ನೋಡಿ. 1940ರಿಂದ ಐದು ವರ್ಷ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಳೆದರು, ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಸಿಗಲೇ ಇಲ್ಲ. ಅವರು ಪುಣೆಯ ಹವಾಮಾನ ಇಲಾಖೆಗೆ ಬಂದು ದೇಶದ ಹವಾಮಾನ ಉಪಕರಣಗಳನ್ನು ಇಲ್ಲಿಯೇ ತಯಾರಿಸುವ ವ್ಯವಸ್ಥೆ ಕಟ್ಟಿದರು. ನಮ್ಮ ರಾಜೇಶ್ವರಿ ಚಟರ್ಜಿಯವರ ದಾರಿ ಬೇರೆ. ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. 1943ರಲ್ಲಿ ಈ ಸಂಸ್ಥೆಗೆ ಸೇರಿ, ಅಮೆರಿಕದ ಮಿಶಿಗನ್‌ನಲ್ಲಿ ಓದಿ, 1953ರಲ್ಲಿ ಅಧ್ಯಾಪಕಿಯಾಗಿ ಮರಳಿ, ಮೈಕ್ರೋವೇವ್ ತಂತ್ರಜ್ಞಾನದಲ್ಲಿ ತಲೆಮಾರುಗಳನ್ನು ತಿದ್ದಿದರು. ಅವರ ಮನೆಯಲ್ಲಿ ಓದು ಅಜ್ಜಿಯಿಂದಲೇ ಬಂದಿತ್ತು. ಅವರ ಹೆಸರಿನ ಮುಂದೆ ಈ ಒಂದು ಸಾಲು ಬರೆದು ನಾನು ಅಡಿಗೆರೆ ಎಳೆದೆ. ಮೂವತ್ತು ವರ್ಷಗಳ ಬಳಿಕವೂ, 1974ರ ಸುಮಾರಿಗೆ, ಅದೇ ಆವರಣದ ಸೂಚನಾ ಫಲಕದಲ್ಲಿ ಹೆಣ್ಣುಮಕ್ಕಳು ಅರ್ಜಿ ಹಾಕಬೇಕಾಗಿಲ್ಲವೆಂಬ ಕಂಪನಿಯ ಜಾಹೀರಾತು ಕಂಡು, ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದ ಸುಧಾ ಮೂರ್ತಿಯವರು ಪುಣೆಯಲ್ಲಿ ಕೆಲಸಕ್ಕೆ ಸೇರಿದ ಪ್ರಸಂಗ ನಿಮಗೆಲ್ಲ ತಿಳಿದದ್ದೇ.

ಉಪನ್ಯಾಸದ ಹಿಂದಿನ ರಾತ್ರಿ ಮಗಳಿಗೆ ಫೋನು ಮಾಡಿದೆ. ಮಾತು ಜೋಡಿಸಿಕೊಂಡಿದ್ದೆ, ಬಾಯಿಗೆ ಬರಲಿಲ್ಲ. "ಆ ಮೂರು ಮಾತು ನಾ ವಾಪಸ್ ತಗೊಂಡೀನಿ" ಎಂದಷ್ಟೇ ಹೇಳಿದೆ. ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ಮನಿ ಕಂತಿಂದು?" ಎಂದಳು. ಅವಳ ಮನಸ್ಸಿನ ಮೇಲಿದ್ದ ಭಾರ ಅದೆಂದು ಆಗ ತಿಳಿಯಿತು. ನಾನು ಅದನ್ನು ಷರತ್ತಿನಲ್ಲಿ ಸೇರಿಸಿರಲಿಲ್ಲ, ಸೇರಿಸದೆಯೇ ಹೊರಿಸಿದ್ದೆ. ಹತ್ತನೆಯ ತರಗತಿಯ ಮಕ್ಕಳಿಗೆ ಮನೆಪಾಠ ಶುರುಮಾಡುವೆನೆಂದು ಹೇಳಿದೆ. ಈಗ ಸಂಜೆ ಎರಡು ಬ್ಯಾಚು ನಡೆಯುತ್ತಿವೆ. ಕಂತು ಹೇಗೋ ಸಾಗಿದೆ. ಸುಲಭವಾಗಿ ಸಾಗಿದೆಯೆಂದರೆ ಸುಳ್ಳಾಗುತ್ತದೆ. ಮರುದಿನ ಸಭೆಯಲ್ಲಿ ಮಹನೀಯರ ಪಟ್ಟಿಯ ಕೊನೆಗೆ, ಮಗಳು ಕೆಲಸ ಬಿಟ್ಟು ಅಲ್ಲಿಗೆ ಸೇರಿದ್ದಾಳೆಂದು ನಾನೇ ಹೇಳಿದೆ. ಸುದ್ದಿ ಧಾರವಾಡ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ.

ಕಳೆದ ಜನವರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿದ್ದೆವು. ಕಲ್ಲಿನ ಮುಖ್ಯ ಕಟ್ಟಡ, ಎದುರಿಗೆ ಟಾಟಾ ಅವರ ಪ್ರತಿಮೆ, ಮರಗಳ ನೆರಳಿನ ರಸ್ತೆಗಳು. ಮಗಳು ತನ್ನ ಪ್ರಯೋಗಾಲಯವನ್ನು ತೋರಿಸಿದಳು. ಎಂಟು ತಿಂಗಳಿಂದ ಒಂದು ಪ್ರಯೋಗ ಕೈಕೊಡುತ್ತಲೇ ಇದೆಯಂತೆ. ಹಾಗೆ ಹೇಳುವಾಗ ಅವಳ ದನಿಯಲ್ಲಿ ಅಳುಕಿರಲಿಲ್ಲ. ಸೋತದ್ದನ್ನು ನನಗೆ ಹೇಳಬಹುದೆಂದು ಅವಳಿಗೆ ಅನಿಸಿತಲ್ಲ, ಅದು ನನಗೆ ಸಾಕಾಯಿತು. ಅವಳ ಹೆಸರು ಮುಂದೆ ಯಾವ ಮಹನೀಯರ ಪಟ್ಟಿಯಲ್ಲಿಯೂ ಬರದೆ ಹೋಗಬಹುದು. ಕೇಳಿ ಬಂದ ಮಕ್ಕಳೆಲ್ಲ ಕಮಲಾ ಸೊಹೊನಿ ಆಗಬೇಕೆಂದು ಬಯಸುವುದೂ ಒಂದು ಷರತ್ತೇ.

ರಾಮನ್ ಅವರ ಭಾವಚಿತ್ರವನ್ನು ಮನಸ್ಸಿನ ಗೋಡೆಯಿಂದ ನಾನು ಇಳಿಸಿಲ್ಲ. ಧೂಳೊರೆಸುವಾಗ ಈಗ ಕಣ್ಣು ಮುಚ್ಚಿಕೊಳ್ಳುವುದಿಲ್ಲ, ಅಷ್ಟೇ. ಮೊನ್ನೆ ಬಳಗದಲ್ಲಿ ಹಿರಿಯರೊಬ್ಬರು, "ಮಗಳ ಓದು ಯಾವಾಗ ಮುಗೀತದರಿ?" ಎಂದು ಕೇಳಿದರು.

"ಮುಗದಾಗ ಮುಗೀತದರಿ" ಎಂದೆ.