ಹಿತ್ತಲಲ್ಲಿ ನಾಲ್ಕೂವರೆ ಟನ್ ನೀರು

ಪೂಲ್ ಫೋಟೋ ನೋಡಿ 'ಏನ್ ಶೋಕಿ ಗುರೂ' ಅಂತೀರಲ್ಲ, ಸ್ವಲ್ಪ ಕೇಳ್ರೋ. ನಮ್ಮ ಪಾಂಡವಪುರದ ಕಡೆ ಹುಡುಗರಿಗೆ ಬೇಸಿಗೆ ಅಂದ್ರೆ ವಿ.ಸಿ. ನಾಲೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ರ ಬಸ್ಸು ಉರುಳಿ 30 ಜನ ಸತ್ತಿದ್ದು ಅದೇ ನಾಲೇಲಿ. ಆದ್ರೂ ನನ್ನ ತಮ್ಮ ಕದ್ದು ಈಜೋಕೆ ಹೋಗಿದ್ದ. ಒದ್ದೆ ಚಡ್ಡಿ ನೋಡಿದ ಅವ್ವ ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ.

ಹಂಗೆ ಬಂತು ಈ ಪೂಲು. ಹತ್ತಡಿ ಅಗಲ, ಎರಡಡಿ ನೀರು. ಸುಮಾರು 4,400 ಲೀಟರ್, ಅಂದ್ರೆ ಹತ್ತಿರ ಹತ್ತಿರ ನಾಲ್ಕೂವರೆ ಟನ್ ತೂಕ. ಬಿಕಾಂ ಓದೋನು ಈ ಲೆಕ್ಕ ಮೊದಲೇ ಹಾಕ್ಬೇಕಿತ್ತು. ನೆಲ ಮಟ್ಟ ಮಾಡದೆ ಕೂರಿಸಿದ್ದೆ. ಇಳಿಜಾರಿನ ಕಡೆ ಅಂಚು ಕುಸಿದು ನೀರೆಲ್ಲ ಕೊಟ್ಟಿಗೆಗೆ ನುಗ್ತು. ಹಸು ನನ್ನನ್ನೇ ನೋಡ್ತಿತ್ತು! ಎರಡನೇ ಸಲ ಕಲ್ಲು ಆರಿಸಿ, ನೆಲ ಮಟ್ಟ ಮಾಡಿ, ಟಾರ್ಪಾಲ್ ಹಾಸಿ ಇಟ್ಟೆ.

ನಾಲ್ಕೇ ದಿನಕ್ಕೆ ನೀರು ಹಸಿರು. ಕ್ಲೋರಿನ್ ಸಂಜೆ ಹಾಕಿ, ಬಿಸಿಲಿಗೆ ಬೇಗ ಹಾರಿಹೋಗುತ್ತೆ. ರಾತ್ರಿ ಮುಚ್ಚಿ, ಇಲ್ಲಾಂದ್ರೆ ಸೊಳ್ಳೆ. ಖಾಲಿ ಮಾಡೋ ಮುಂಚೆ ಕೆಲವು ದಿನ ಕ್ಲೋರಿನ್ ಹಾಕದೆ ಬಿಟ್ಟು, ಆಮೇಲೆ ತೆಂಗಿನಮರಕ್ಕೆ ಹರಿಸ್ತೀವಿ. 'ನಮ್ಮ ಬೋರಲ್ಲಿ ಕುಡಿಯೋಕೇ ನೀರಿಲ್ಲ ಕಣೋ' ಅಂತ ನಾಗಮಂಗಲದ ಅತ್ತೆ ಅಂದಿದ್ದು ಇನ್ನೂ ಚುಚ್ಚುತ್ತೆ.

ಚಿಕ್ಕ ಮಕ್ಕಳು ಮುಳುಗೋಕೆ ಎರಡಡಿ ನೀರೂ ಸಾಕು. ಅದಕ್ಕೇ ಯಾರಾದ್ರೂ ಒಬ್ರು ಪಕ್ಕದಲ್ಲೇ ಕೂರ್ತೀವಿ, ಫೋನ್ ಒಳಗಿಟ್ಟು. ಇವತ್ತು ಅವ್ವನ ಪಾಳಿ. ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತವಳೆ, ಕಣ್ಣು ಮಾತ್ರ ತಮ್ಮನ ಮೇಲೆ.